ತಳದಲ್ಲಿ ಗೊಜ್ಜಿಲ್ಲದ ಬಟ್ಟಲು

ಕೊಗಾನೆಯಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಫುಸಾಯೆ ಅಕ್ಕನ ಬಾಯಿಗೆ ಹೆದರದವರಿಲ್ಲ. ಅವಳ ಅಂಗಡಿಯಲ್ಲಿ ಸಿಗುವುದು ಅಬುರಾಸೋಬಾ ಒಂದೇ. ಸಾರಿಲ್ಲದ ದಪ್ಪ ನೂಡಲ್ಸ್. ಬಟ್ಟಲಿನ ತಳದಲ್ಲಿ ಎಣ್ಣೆ ಮತ್ತು ಸೋಯಾ ಗೊಜ್ಜು, ಮೇಲೆ ಹಂದಿಮಾಂಸದ ಹೋಳು, ಕಳಲೆ, ಆಮೇಲೆ ನಾನು ದಿನಾ ಬೆಳಿಗ್ಗೆ ತಂದುಕೊಡುವ ಈರುಳ್ಳಿ ಸೊಪ್ಪು. ನನ್ನ ತರಕಾರಿ ಅಂಗಡಿ ಅವಳ ಗೋಡೆಗೆ ಅಂಟಿಕೊಂಡೇ ಇದೆ. ಗಂಡ ತೀರಿಹೋದ ಮೇಲೆ ಅವನ ಏಪ್ರನ್ ಕಟ್ಟಿಕೊಂಡು ಒಲೆಯ ಮುಂದೆ ನಿಂತವಳು ಅವಳು. ಆಗ ಮೂಗು ಮುರಿದವರೆಲ್ಲ ಒಬ್ಬೊಬ್ಬರಾಗಿ ತಲೆ ತಗ್ಗಿಸಿಕೊಂಡು ವಾಪಸು ಬಂದರು.

ಬಟ್ಟಲು ಮುಂದಿಟ್ಟಾಗ ಯಾರಾದರೂ ಫೋನ್ ತೆಗೆದರೋ, ಅವರ ಗತಿ ಮುಗಿಯಿತು.

"ಫೋಟೊ ನೆಕ್ತೀಯೇನೋ? ಬಿಸಿ ಆರೋದ್ರೊಳ್ಗೆ ಕಲಸು! ತಳದಿಂದ, ತಳದಿಂದ! ಮೇಲ್ಮೇಲೆ ಕೆದಕಿದ್ರೆ ಗೊಜ್ಜು ತಾನಾಗೇ ಎದ್ದು ಬರತ್ತಾ?"

ಎಳೆಎಳೆಯೂ ಕಂದು ಬಣ್ಣಕ್ಕೆ ತಿರುಗುವ ತನಕ ಕಲಸಬೇಕು. ಅರ್ಧ ಬಟ್ಟಲು ಹಾಗೇ ತಿನ್ನಬೇಕು. ಆಮೇಲೆ ವಿನಿಗರ್ ಒಂದು ಸುತ್ತು, ಖಾರದೆಣ್ಣೆ ಒಂದು ಸುತ್ತು ಬಿಟ್ಟು ಮತ್ತೆ ಕಲಸಿದರೆ ಅದೇ ಬಟ್ಟಲಿನಲ್ಲಿ ಬೇರೊಂದು ಊಟ ಸಿಗುತ್ತದೆ. ರುಚಿ ನೋಡುವ ಮೊದಲೇ ಸೀಸೆಗೆ ಕೈ ಹಾಕಿದವರನ್ನು ಅವಳು ಕಣ್ಣಲ್ಲೇ ಸುಟ್ಟುಬಿಡುತ್ತಾಳೆ.

ಡಾಕ್ಟರು ಎಣ್ಣೆ ಮುಟ್ಟಬೇಡಿ ಅಂದದ್ದರಿಂದ ನಾನು ಬಹಳ ಕಾಲ ಆ ಕಡೆ ಊಟಕ್ಕೆ ಹೋಗಿರಲಿಲ್ಲ. ಕೊನೆಗೂ ಮೊನ್ನೆ ಅಪ್ಪಣೆ ಸಿಕ್ಕಿತು. ಮಧ್ಯಾಹ್ನ ಬಾಯಲ್ಲಿ ನೀರೂರಿಸಿಕೊಂಡು ಹೋಗಿ ಕೂತೆ. ಪಕ್ಕದಲ್ಲಿ ಕ್ಷೌರದಂಗಡಿಯ ಒಗಿಸೊ. ಎಲ್ಲ ಗಿರಾಕಿಗಳಂತೆ ಫುಸಾಯೆ ಅಕ್ಕನನ್ನು ಅಮ್ಮ ಅನ್ನುವ ಇವನು ಅವಳ ಅಂಗಡಿಯ ಕಂಬದಷ್ಟೇ ಹಳಬ, ಮಾತೂ ಕಂಬದಷ್ಟೇ.

ಬಟ್ಟಲು ಬಂತು. ತಳದಿಂದ ಕಲಸಿದೆ. ಬಣ್ಣ ತಿರುಗಲಿಲ್ಲ. ಇನ್ನಷ್ಟು ಕಲಸಿದೆ. ನೂಡಲ್ಸ್ ಎಣ್ಣೆಯಲ್ಲಿ ಮಿರಮಿರ ಮಿಂಚಿತೇ ಹೊರತು ಬೆಳ್ಳಗೇ ಉಳಿಯಿತು. ಒಂದು ತುತ್ತು ಬಾಯಿಗಿಟ್ಟೆ. ಉಪ್ಪಿಲ್ಲ, ಸೋಯಾ ಇಲ್ಲ, ಏನೂ ಇಲ್ಲ. ಗೊಜ್ಜು ಹಾಕುವುದನ್ನೇ ಮರೆತಿದ್ದಾಳೆ! ಫುಸಾಯೆ ಅಕ್ಕ!

ಬಾಯಿ ತೆರೆಯಬೇಕು ಅನ್ನುವಷ್ಟರಲ್ಲಿ ಮೇಜಿನ ಕೆಳಗೆ ನನ್ನ ಮೊಣಕಾಲಿಗೆ ಏನೋ ತಗುಲಿತು. ನೋಡಿದರೆ ಒಗಿಸೊನ ಕೈ. ಕೈಯಲ್ಲಿ ಮೀನಿನ ಆಕಾರದ ಪುಟ್ಟ ಪ್ಲಾಸ್ಟಿಕ್ ಕುಪ್ಪಿ. ಬುತ್ತಿ ಡಬ್ಬಿಯ ಜೊತೆ ಸೋಯಾ ತುಂಬಿ ಕೊಡುತ್ತಾರಲ್ಲ, ಅದೇ.

"ಹಿಂಡ್ಕೊಂಡು ಸುಮ್ನೆ ತಿನ್ನಿ," ಎಂದು ಅವನು ಪಿಸುಗುಟ್ಟಿದ. "ಒಂದೊಂದು ಬಟ್ಟಲಿಗೆ ಹಿಂಗಾಗತ್ತೆ. ಗೊತ್ತಾದ್ರೆ ಅಮ್ಮ ಅಂಗಡಿ ಮುಚ್ಚಿಬಿಡ್ತಾರೆ. 'ಕೈ ತಪ್ಪಿದ ದಿನ ಬಾಗಿಲು ಹಾಕ್ತೀನಿ' ಅಂತ ಅವ್ರೇ ಹೇಳಿಲ್ವಾ?"

ಸುತ್ತ ಕಣ್ಣು ಹಾಯಿಸಿದೆ. ಅಲ್ಲಿ ಕೂತಿದ್ದ ಟ್ಯಾಕ್ಸಿ ಡ್ರೈವರನೊಬ್ಬನ ಶರ್ಟಿನ ಜೇಬಿನಿಂದ ಒಂದು ಮೀನಿನ ಬಾಲ ಇಣುಕುತ್ತಿತ್ತು. ಬ್ಯಾಂಕಿನ ಹುಡುಗಿಯೊಬ್ಬಳು ಕರ್ಚೀಫಿನ ಮರೆಯಲ್ಲಿ ಹಿಂಡುತ್ತಿದ್ದಳು. ಇಡೀ ಅಂಗಡಿಯೇ ಸೇರಿಕೊಂಡು ಒಬ್ಬ ಮುದುಕಿಯ ಕಣ್ಣಿಗೆ ಮಣ್ಣೆರಚುತ್ತಿತ್ತು. ಅದೂ ಪ್ರೀತಿಯಿಂದ! ಅಷ್ಟು ವರ್ಷ ಬೈಸಿಕೊಂಡು ಉಂಡವರಲ್ಲಿ ಒಬ್ಬರಿಗೂ ನಾಲಿಗೆ ಇರಲಿಲ್ಲವೇ? ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ಇದ್ರಲ್ಲಿ ಗೊಜ್ಜೇ ಇಲ್ಲ!"

ನಾನು ಅವಳ ಕೆನ್ನೆಗೆ ಹೊಡೆದೆನೇನೋ ಎಂಬಂತೆ ಎಲ್ಲರೂ ನನ್ನನ್ನೇ ನೋಡಿದರು.

"ನಿನ್ ನಾಲಿಗೆ ಸತ್ತಿದೆ ಕಣೇ ಶಿಗೆನೊ. ವರ್ಷಗಟ್ಲೆ ಬೇಯಿಸಿದ ಸೊಪ್ಪು ತಿಂದೂ ತಿಂದೂ," ಎಂದು ಅಕ್ಕ ನಗುತ್ತಲೇ ಬಂದಳು. ನನ್ನ ಊಟದ ಕಡ್ಡಿಗಳನ್ನೇ ಕಿತ್ತುಕೊಂಡು ಒಂದು ತುತ್ತು ತಿಂದಳು.

ಅಗಿಯುವುದು ನಿಂತಿತು. ಬಾಯಲ್ಲಿದ್ದುದನ್ನು ನುಂಗಲೂ ಆಗದೆ ಉಗಿಯಲೂ ಆಗದೆ ನಿಂತಳು. ನಿಧಾನವಾಗಿ ಒಗಿಸೊನ ಬಟ್ಟಲನ್ನು ನೋಡಿದಳು, ಆಮೇಲೆ ಅವನ ಮುಷ್ಟಿಯನ್ನು.

"ಏನದು? ಬಿಚ್ಚು ಕೈ."

ಬಿಚ್ಚಿದ.

"ಎಲ್ಲಾರೂ. ಎಲ್ಲಾರೂ ಇಲ್ಲಿಡಿ."

ಒಂದೊಂದೇ ಮೀನು ಮೇಜಿನ ಮೇಲೆ ಬಂದು ಬಿತ್ತು. ಅಷ್ಟೊಂದು ಇರಬಹುದೆಂದು ನಾನೂ ಅಂದುಕೊಂಡಿರಲಿಲ್ಲ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಬಾಯಿಬಡುಕಿ ನಾನು, ಈ ಹೆಂಗಸಿನ ಅಂಗಡಿ ಮುಚ್ಚಿಸಿದೆನಲ್ಲ ಅನ್ನಿಸಿತು.

"ಇದನ್ ತಿಂದು 'ಚೆನ್ನಾಗಿತ್ತು ಅಮ್ಮ' ಅಂತ ಹೋಗ್ತಿದ್ರಾ?" ಅವಳ ದನಿ ಸಣ್ಣಗಾಗಿತ್ತು. ಅವಳ ಬೈಗುಳ ಕೇಳಿ ಅಭ್ಯಾಸವಿದ್ದ ನಮಗೆ ಆ ಸಣ್ಣ ದನಿಯೇ ಹೆಚ್ಚು ಭಯ ಹುಟ್ಟಿಸಿತು. "ನಾನೇನ್ ಹೆಣಾನಾ, ಎದುರಿಗೆ ಒಳ್ಳೇದೇ ಮಾತಾಡ್ಬೇಕು ಅನ್ನೋಕೆ?"



ಅವಳು ಹಿಂದಿರುಗಿ ಒಲೆಯ ಹತ್ತಿರ ಹೋದಳು. ನೀರು ಕೊತಕೊತ ಕುದಿಯುತ್ತಿತ್ತು. ಹೊಸದಾಗಿ ನೂಡಲ್ಸ್ ಬೇಯಿಸಿ, ಬಸಿದು, ಬಟ್ಟಲಿಗೆ ಹಾಕಿ, ಮಾಂಸ, ಕಳಲೆ, ಸೊಪ್ಪು ಜೋಡಿಸಿ ಒಗಿಸೊನ ಮುಂದೆ ತಂದಿಟ್ಟಳು. ಇಡುವಾಗ ಬಟ್ಟಲು ಮೇಜಿಗೆ ಟಪ್ಪೆಂದು ಬಡಿಯಿತು.

"ಕಲಸು."

ಒಗಿಸೊ ಕಲಸಿದ. ತಳದಿಂದ, ಅವಳು ಕಲಿಸಿದ ಹಾಗೇ. ನಾವೆಲ್ಲ ಅವನ ಬಟ್ಟಲಿಗೆ ಬಗ್ಗಿದೆವು. ಅವನು ಕಲಸುತ್ತಲೇ ಇದ್ದ. ನೂಡಲ್ಸ್ ಬೆಳ್ಳಗೇ ಇತ್ತು. ಅಷ್ಟೆಲ್ಲ ಆದ ಮೇಲೂ, ಅಷ್ಟು ಸಿಟ್ಟಿನಲ್ಲೂ ಮರೆತಿದ್ದಳು! ಬ್ಯಾಂಕಿನ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು.

ಒಗಿಸೊ ಕಡ್ಡಿಗಳನ್ನು ಕೆಳಗಿಟ್ಟ. ಅವನ ಕಿವಿಗಳು ಕೆಂಪಗಾಗಿದ್ದವು.

"ಅಮ್ಮ," ಎಂದ. ತಲೆಯೆತ್ತಿ ಅವಳ ಮುಖ ನೋಡಿ ಮತ್ತೆ ಹೇಳಿದ, "ಅಮ್ಮ, ಗೊಜ್ಜು ಹಾಕಿಲ್ಲ ನೀವು."

ಅವಳು ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇನ್ನು ಹೊರಗೆ ಹೋಗಿ ಬಾಗಿಲ ಪರದೆ ಇಳಿಸಿ ಅಂಗಡಿ ಮುಚ್ಚುತ್ತಾಳೆ ಅಂದುಕೊಂಡೆ. ಅವಳು ಹೋಗಿ ಗೊಜ್ಜಿನ ಪಾತ್ರೆಯನ್ನೇ ಎತ್ತಿಕೊಂಡು ಬಂದಳು. ಸುರಿದಾಗ ಅರ್ಧ ಗೊಜ್ಜು ಮೇಜಿಗೆ ಚೆಲ್ಲಿತು, ಅರ್ಧ ಅವನ ಬಟ್ಟಲಿಗೆ ಬಿತ್ತು.

"ನಾಳೆನೂ ಬಾ," ಎಂದಳು. "ನಾಳೆನೂ ಹೀಗೇ ಹೇಳು."