ಕೆಮ್ಮಣ್ಣು ಬರೆದ ಕೈ

ನನ್ನ ಮೊಮ್ಮಗ ಗುಣವಾದ! ಇವತ್ತು ಬೆಳಿಗ್ಗೆ ಚಾಮರಾಜನಗರದ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರಮ್ಮ ರಕ್ತದ ಚೀಟಿಯನ್ನು ಎರಡು ಸಲ ಓದಿ, "ಔಷಧಿ ಚೆನ್ನಾಗಿ ಹಿಡಿದಿದೆ ತಾತ, ಇನ್ನು ಹೆದರಬೇಡಿ" ಅಂದರು. ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಕೈ ಮುಗಿದೆ, ಮತ್ತೆ ಮುಗಿದೆ, ಹೊರಗೆ ಬಂದವನು ಬಾಗಿಲಲ್ಲಿ ಕೂತಿದ್ದ ಕಾವಲಿನವನಿಗೂ ಮುಗಿದೆ. ಎಪ್ಪತ್ತು ದಾಟಿದ ಮಂಡಿ ಮೆಟ್ಟಿಲಿಳಿಯುವಾಗ ನೋಯಲೇ ಇಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಹೆಂಡತಿಗೆ, ಸೊಸೆಗೆ ಒಂದೊಂದು ಮೊಳ ಮಲ್ಲಿಗೆ ಕೊಂಡೆ. ಹೂವಿನವಳು ಬೇಡವೆಂದರೂ ಅವಳ ಕೈಗೂ ಒಂದು ಬಾಳೆಹಣ್ಣು ಕೊಟ್ಟೆ.

"ಸುಮ್ನಿರು ತಾತ, ಎಲ್ರೂ ನೋಡ್ತಾವ್ರ" ಅಂದ ಮೊಮ್ಮಗ.

"ನೋಡ್ಲಿ ಬುಡ್ಲಾ. ನಗ್ತಾ ಇರೋನ್ನ ನೋಡಕ್ಕೇನು ಟಿಕೆಟ್ ಅದಾ?"

ಸಂತೋಷವನ್ನು ಮೊದಲೇ ಹೇಳಿಬಿಟ್ಟೆ. ಇನ್ನು ಹೇಳಬೇಕಾದದ್ದು ಸುಲಭದ್ದಲ್ಲ.

ತೆರಕಣಾಂಬಿಯಿಂದ ಒಂದೂವರೆ ಮೈಲಿ ನಮ್ಮ ಊರು. ಹೊಲದಲ್ಲಿ ಅರಿಶಿನ, ಬೆಳ್ಳುಳ್ಳಿ ಬೆಳೆಯುತ್ತೇವೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಸುತ್ತಲಿನ ಊರಿನವರು ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು. ಸರ್ಪಸುತ್ತಿಗೆ ಕೆಮ್ಮಣ್ಣು ಬರೆಯುವುದು ನಮ್ಮ ಮನೆಯ ವಿದ್ಯೆ. ಮೈಮೇಲೆ ಹಾವು ಸುತ್ತಿಕೊಂಡ ಹಾಗೆ ಗುಳ್ಳೆ ಎದ್ದರೆ, ಕೆಮ್ಮಣ್ಣು ಕಲಸಿ, ಹೆಡೆ ಬಾಲ ಕೂಡದಂತೆ ಅದರ ಸುತ್ತ ಹಾವಿನ ಚಿತ್ರ ಬರೆಯುವುದು. ಮೂರು ಭಾನುವಾರ. ದುಡ್ಡು ಮುಟ್ಟುವಂತಿಲ್ಲ, ಎಲೆ ಅಡಿಕೆ ಮಾತ್ರ. ಬಂದವರು ಎಲ್ಲಿ ತೋರಿಸಿದರು, ಏನು ತೋರಿಸಿದರು ಎಂದು ಹೆಂಡತಿಗೂ ಹೇಳುವಂತಿಲ್ಲ. ನನ್ನ ಅಪ್ಪ ಹಾಗೆ ನಡೆಸಿಕೊಂಡು ಬಂದಿದ್ದರು, ನಾನೂ ನಡೆಸಿದೆ. ಬರೆದವರಿಗೆಲ್ಲ ವಾಸಿಯಾಗುತ್ತಿತ್ತು. ಅದರ ಹೆಮ್ಮೆ ನನಗೆ ಬೇಕಾದಷ್ಟಿತ್ತು.

ಮೊಮ್ಮಗ ಚಾಮರಾಜನಗರದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಯೂನಿವರ್ಸಿಟಿಯಲ್ಲಿ ಎಂ.ಕಾಂ. ಓದುತ್ತಾನೆ. ಹೋದ ವರ್ಷ ಒಂದು ಭಾನುವಾರ ಬಂದವನು, ನಾನು ಒಬ್ಬನೇ ಇರುವಾಗ ಕೊಟ್ಟಿಗೆಯ ಹಿಂದೆ ಕರೆದ. ತೊಡೆಯ ಸಂದಿನಲ್ಲಿ, ಹೇಳಬಾರದ ಜಾಗದಲ್ಲಿ, ಒಂದು ಹುಣ್ಣು.

"ನೋಯ್ತದಾ?"

"ಇಲ್ಲ ತಾತ. ಒಂಚೂರೂ ನೋವಿಲ್ಲ. ಅಪ್ಪಂಗ ಯೋಳ್ಬೇಡ."

ನೋವಿಲ್ಲ ಎಂದ ಮೇಲೆ ಸರ್ಪಸುತ್ತು ಹೇಗಾದೀತು ಎಂದು ನನ್ನ ಒಳಗೆ ಒಂದು ಮಾತು ಎದ್ದಿತ್ತು. ಸರ್ಪ ಸುತ್ತಿದರೆ ಬೆಂಕಿ ಬಿದ್ದ ಹಾಗೆ ಉರಿಯುತ್ತದೆ, ಅದು ನನಗೆ ಗೊತ್ತು. ಆದರೂ ಕೆಮ್ಮಣ್ಣು ಕಲಸಿದೆ. ಎಲ್ಲಿ ಹೋಗಿದ್ದೆ, ಯಾರ ಜೊತೆ ಇದ್ದೆ ಎಂದು ಕೇಳುವುದಕ್ಕಿಂತ ಕೆಮ್ಮಣ್ಣು ಕಲಸುವುದು ಸಲೀಸಾಗಿ ಕಂಡಿತು. ಮೂರನೇ ಭಾನುವಾರದ ಹೊತ್ತಿಗೆ ಹುಣ್ಣು ಒಣಗುತ್ತ ಬಂತು, ಆಮೇಲೆ ಗುರುತೂ ಉಳಿಯಲಿಲ್ಲ. "ಎಂಬಿಬಿಎಸ್ ಓದ್ದೇ ಇದ್ರೂ ನಿಮ್ ತಾತ ಡಾಕ್ಟ್ರೇ ಕಣ್ಲಾ" ಎಂದು ಬೆನ್ನು ತಟ್ಟಿದೆ.

ಒಂದೂವರೆ ತಿಂಗಳಾದ ಮೇಲೆ ಒಂದು ಸಂಜೆ ಹೇಳದೆ ಕೇಳದೆ ಬಸ್ಸಿಳಿದು ಬಂದ. ಮುಖ ಬಿಳುಚಿಕೊಂಡಿತ್ತು. ಹೊಲಕ್ಕೆ ಹೋಗಿ ಬರೋಣ ಎಂದು ಕರೆದುಕೊಂಡು ಹೋಗಿ ಬದುವಿನ ಮೇಲೆ ಕೂರಿಸಿದ.

ಅವರ ಕಾಲೇಜಿಗೆ ಒಬ್ಬ ಡಾಕ್ಟರಮ್ಮ ಬಂದಿದ್ದರಂತೆ, ಗಂಡು ಹೆಣ್ಣಿನ ಸಂಗದಿಂದ ಬರುವ ಕಾಯಿಲೆಗಳ ಬಗ್ಗೆ ಹೇಳುವುದಕ್ಕೆ. ಹುಡುಗರು ಬೆಂಚಿನ ಕೆಳಗೆ ತಲೆ ಹಾಕಿ ಕಿಸಿಕಿಸಿ ನಕ್ಕರಂತೆ, ಹುಡುಗಿಯರು ಪುಸ್ತಕ ತಿರುವಿದರಂತೆ. ನಿರೋಧ್ ಕೈಯಲ್ಲಿ ಹಿಡಿದು ತೋರಿಸಿದಾಗ ಹಿಂದಿನ ಬೆಂಚಿನವನೊಬ್ಬ ಶಿಳ್ಳೆ ಹೊಡೆದನಂತೆ. "ಶಿಳ್ಳೆ ಚೆನ್ನಾಗಿದೆ, ಇದನ್ನು ಬಳಸೋದೂ ಅಷ್ಟೇ ಚೆನ್ನಾಗಿ ಕಲಿ" ಅಂದರಂತೆ ಆಕೆ. ಆಮೇಲೆ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟು, ಹೆಸರು ಬರೆಯದೆ ಪ್ರಶ್ನೆ ಬರೆಯಿರಿ ಎಂದರಂತೆ.

"ನಾನೂ ಬರದೆ ತಾತ. ನೋವಿಲ್ದಿರೋ ಹುಣ್ಣು ಕೆಮ್ಮಣ್ಣಲ್ಲಿ ವಾಸಿಯಾದ್ರೆ ಸರಿ ಓಯ್ತಾ ಅಂತ. ಅವ್ರು ಓದುದ್ರು. ಕ್ಲಾಸೆಲ್ಲ ಗೊಳ್ ಅಂತು. ಅವ್ರು ಮಾತ್ರ ನಗ್ನಿಲ್ಲ."

"ಏನಂದ್ರು?"

"ಕೆಮ್ಮಣ್ಣು ಬರೀದಿದ್ರೂ ಅದು ಮಾಯ್ತಿತ್ತು. ಹುಣ್ಣು ಮಾತ್ರ ಓಯ್ತದ, ಕಾಯಿಲೆ ರಕ್ತದಲ್ಲೇ ಇರ್ತದ. ಸಿಫಿಲಿಸ್ ಇರಬೌದು, ಇದ ಬರ್ದೋರು ಇವತ್ತೇ ನನ್ ತಾವ ಬನ್ನಿ ಅಂದ್ರು."

ನನಗೆ ಸಿಟ್ಟು ಬಂತು. "ನಮ್ಮಪ್ಪ, ನಾನು ಇಷ್ಟು ವರ್ಷ ಜನಕ್ಕ ಮೋಸ ಮಾಡುದ್ವಾ? ಅದ್ಯಾವಳೋ ಬಂದು ಒಂದ್ ಗಂಟೆ ಮಾತಾಡ್ಬುಟ್ರೆ ಆಯ್ತಾ?" ಎಂದು ಎದ್ದೆ. ಅವನು ನನ್ನ ಪಂಚೆ ಹಿಡಿದುಕೊಂಡ. ಇನ್ನೊಂದು ಮಾತು ಹೇಳಿದ. ಔಷಧಿ ಮಾಡದೆ ಬಿಟ್ಟರೆ ಮುಂದೆ ಹೆಂಡತಿಗೂ ಹತ್ತುತ್ತದಂತೆ, ಮಗು ಹೊಟ್ಟೆಯಲ್ಲೇ ಸಾಯಬಹುದಂತೆ.

ನಾನು ಬದುವಿನ ಮೇಲೆ ಮತ್ತೆ ಕೂತೆ.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಗಂಡ ಹೆಂಡತಿ ಇದ್ದಾರೆ, ಮಕ್ಕಳಿಲ್ಲ. ಇಪ್ಪತ್ತು ವರ್ಷಕ್ಕೂ ಹಿಂದೆ ಆ ಗಂಡ ಗುಂಡ್ಲುಪೇಟೆಯಿಂದ ತರಕಾರಿ ಲಾರಿ ಓಡಿಸುತ್ತಿದ್ದ. ಮದುವೆಗೆ ಒಂದು ತಿಂಗಳಿರುವಾಗ ನನ್ನ ಹತ್ತಿರ ಬಂದು ಅಂಥದ್ದೇ ಹುಣ್ಣು ತೋರಿಸಿದ್ದ. ನೋವಿಲ್ಲ ದೊಡ್ಡಪ್ಪ ಅಂದಿದ್ದ. ಮೂರು ಭಾನುವಾರ ಬರೆದೆ, ಮಾಯಿತು. ಮದುವೆಯಲ್ಲಿ ಹೊಟ್ಟೆ ತುಂಬ ಉಂಡು ಬಂದೆ. ಆಮೇಲೆ ಆ ಹೆಣ್ಣುಮಗಳಿಗೆ ಒಂದರ ಹಿಂದೆ ಒಂದು ಮೂರು ಹೆರಿಗೆ, ಮೂರೂ ಸತ್ತ ಕೂಸು. ಊರಿನವರು ಅವಳ ಕಾಲ್ಗುಣ ಎಂದರು. ಒಂದಲ್ಲ ಒಂದು ಸಲ ನಾನೂ ಅಂದಿರಬೇಕು. ಅಂದಿದ್ದೇನೆ.

ಮಾರನೇ ದಿನ ಮೊಮ್ಮಗನ ಜೊತೆ ದೊಡ್ಡಾಸ್ಪತ್ರೆಗೆ ಹೋದೆ. ಕಾಲೇಜಿಗೆ ಬಂದಿದ್ದ ಅದೇ ಡಾಕ್ಟರಮ್ಮ ಅಲ್ಲಿದ್ದರು. ನನಗಿಂತ ಎಷ್ಟೋ ಚಿಕ್ಕವರು, ಗದರಲಿಲ್ಲ. ರಕ್ತ ತೆಗೆದರು. ಸಿಫಿಲಿಸ್ ಇತ್ತು, ಏಡ್ಸ್ ಇರಲಿಲ್ಲ. ಸೊಂಟದ ಎರಡೂ ಕಡೆ ಇಂಜೆಕ್ಷನ್ ಚುಚ್ಚಿದರು. ಜೊತೆಯಲ್ಲಿದ್ದ ಹುಡುಗಿಗೂ ತಿಳಿಸಬೇಕು, ಅವಳಿಗೂ ಔಷಧಿ ಆಗಬೇಕು ಎಂದರು. ಮೊಮ್ಮಗ ಆಸ್ಪತ್ರೆಯ ಗೋಡೆಗೆ ಮುಖ ಮಾಡಿ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದ. ಅವಳು ಯಾರು ಎಂದು ನಾನು ಕೇಳಲಿಲ್ಲ. ಅವಳೂ ಇಂಜೆಕ್ಷನ್ ತೆಗೆದುಕೊಂಡಳೆಂದು ಆಮೇಲೆ ಹೇಳಿದ. ಇನ್ನು ಆರು ತಿಂಗಳು ಕಾಯಬೇಕು, ರಕ್ತದಲ್ಲಿ ಕಾಯಿಲೆಯ ಲೆಕ್ಕ ಇಳಿದರೆ ಗುಣವಾದ ಹಾಗೆ, ಇಳಿಯದಿದ್ದರೆ ಮತ್ತೆ ನೋಡಬೇಕು ಎಂದು ಕಳಿಸಿದರು.

ಆ ಆರು ತಿಂಗಳಲ್ಲಿ ನಾನು ಕೆಮ್ಮಣ್ಣು ಮುಟ್ಟಲಿಲ್ಲ. ಬಂದವರನ್ನು ಆಸ್ಪತ್ರೆಗೆ ಹೋಗಿ ಎಂದೆ. "ಮುದುಕಂಗ ಗರ ಬಡದದ" ಎಂದು ಆಡಿಕೊಂಡರು. ಆಡಿಕೊಳ್ಳಲಿ. ಆದರೆ ಕೊನೆಯ ಮನೆಯ ಮುಂದೆ ಹಾಯುವಾಗ ತಲೆ ಎತ್ತಲು ಆಗುತ್ತಿರಲಿಲ್ಲ. ಒಂದು ದಿನ ಹೋಗಿ ಅವನಿಗೆ ಎಲ್ಲ ಹೇಳಿದೆ. ಅವನು ಎಮ್ಮೆಗೆ ಹುಲ್ಲು ಹಾಕುತ್ತಿದ್ದವನು ಹಾಕುತ್ತಲೇ ಇದ್ದ.

"ಈಗ ಯೋಳ್ತಿದ್ದೀಯಾ ದೊಡ್ಡಪ್ಪ" ಎಂದ. ಅಷ್ಟೇ.

ಒಳಗಿನಿಂದ ಹೆಂಡತಿ ಕೇಳಿಸಿಕೊಂಡಿದ್ದಳು. ವಾರ ಕಳೆದ ಮೇಲೆ ಅವಳೇ ಗಂಡನನ್ನು ಹೊರಡಿಸಿಕೊಂಡು ನಮ್ಮ ಬಾಗಿಲಿಗೆ ಬಂದು, ಆಸ್ಪತ್ರೆಯಲ್ಲಿ ಯಾವ ಕೋಣೆ ತೋರಿಸು ಮಾವ ಎಂದಳು. ಹೋದೆವು. ಇಬ್ಬರ ರಕ್ತದಲ್ಲೂ ಅದು ಇನ್ನೂ ಇತ್ತು. ಮೂರು ವಾರ ಇಂಜೆಕ್ಷನ್ ಬರೆದರು. ಮಕ್ಕಳು ಹೋದದ್ದು ಇದರಿಂದಲೇ ಏನು ಎಂದು ಅವಳು ಕೇಳಿದ್ದಕ್ಕೆ, "ಇರಬಹುದಮ್ಮ, ಇಷ್ಟು ವರ್ಷದ ಮೇಲೆ ಖಂಡಿತವಾಗಿ ಹೇಳೋಕೆ ಆಗಲ್ಲ" ಅಂದರು ಡಾಕ್ಟರಮ್ಮ.

ವಾಪಸು ಬರುವಾಗ ಅವಳು ಬಸ್ಸಿನಲ್ಲಿ ಕಿಟಕಿಯ ಕಡೆ ಕೂತಳು. ಬಸ್ಸು ಉಡಿಗಾಲ ಊರು ದಾಟಿದ ಮೇಲೆ ನನ್ನ ಕಡೆ ತಿರುಗಿದಳು.

"ಎರಡ್ ಎಣ್ಣು, ಒಂದ್ ಗಂಡು ಮಾವ. ಮುಖ ನೋಡಕ್ಕೂ ಬುಡ್ನಿಲ್ಲ ನಂಗ. ಬಟ್ಟೇಲಿ ಸುತ್ಕಂಡು ಎತ್ಕಂಡೋಗ್ಬುಟ್ರು."

ಅವಳ ಗಂಡ ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದ.

ಹೀಗೆ ದಿನ ನೂಕಿ ಇವತ್ತಿನ ಚೀಟಿ ಬಂತು. ಹಿಗ್ಗು ತಡೆಯಲಾಗದೆ ಮನೆಗೆ ಬಂದವನೇ ಪಾಯಸ ಮಾಡಿ ಎಂದೆ. ಹೆಂಡತಿ ಹೂವು ಮುಡಿಯುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಈ ವಯಸ್ನಲ್ಲಿ ಮಲ್ಲಿಗೆ! ಏನ್ ತಪ್ ಮಾಡ್ಕ ಬಂದಿದ್ದೀರಿ?" ಎಂದಳು. ಮೊಮ್ಮಗನಿಗೆ ರಕ್ತದಲ್ಲಿ ಏನೋ ತೊಂದರೆ, ಆಸ್ಪತ್ರೆಗೆ ಓಡಾಡುತ್ತಾರೆ ಎಂಬುದಷ್ಟೇ ಮನೆಯವರಿಗೆ ಗೊತ್ತಿತ್ತು.

ಸಂಜೆ ಲಿಂಗಪೂಜೆ ಮುಗಿಸಿ ಎಲ್ಲರೂ ಒಟ್ಟಿಗೆ ಕೂತೆವು. ಸೊಸೆ ಅವರೆಕಾಳಿನ ಸಾರು ಬಡಿಸುತ್ತಿದ್ದಳು. "ಅಂತೂ ಆ ರಕ್ತದ ತೊಂದ್ರೆ ಏನಂತ್ಲಾ?" ಎಂದು ಮಗ ಕೇಳಿದ. ನಾನು ಏನೋ ತೇಲಿಸಿ ಹೇಳಲು ಬಾಯಿ ತೆರೆದೆ. ಮೊಮ್ಮಗ ನನಗಿಂತ ಮುಂಚೆ ಹೇಳಿಬಿಟ್ಟ. ಕಾಯಿಲೆಯ ಹೆಸರು ಹೇಳಿದ, ಹೇಗೆ ಬಂತು ಎಂದು ಹೇಳಿದ, ತಾತ ಆರು ತಿಂಗಳಿಂದ ಜೊತೆಗಿದ್ದಾನೆ ಎಂದೂ ಹೇಳಿದ. ಬರುವ ವಾರ ಹೊಸದಾಗಿ ಸೇರಿದ ಹುಡುಗರ ಮುಂದೆ ಡಾಕ್ಟರಮ್ಮನ ಪಕ್ಕ ನಿಂತು ತಾನೂ ಮಾತಾಡುತ್ತೇನೆ ಎಂದ.

ಸೊಸೆಯ ಸೌಟು ಪಾತ್ರೆಯಲ್ಲೇ ನಿಂತಿತು. ಮಗ ತಟ್ಟೆ ನೋಡುತ್ತ ಕೂತ. ನನ್ನ ಮುದುಕಿ ಒಬ್ಬೊಬ್ಬರ ಮುಖ ನೋಡಿದಳು.

ಮಗ ಮೊದಲು ಕೇಳಿದ್ದು ಇದು: "ಈಗ ಪೂರಾ ವಾಸಿಯಾಯ್ತಾ?"

"ಆಯ್ತು ಕಣಪ್ಪ" ಅಂದ ಮೊಮ್ಮಗ.

"ಮತ್ತಾ ನಂಗ ಯಾಕ್ಲಾ ಯೋಳ್ನಿಲ್ಲ?"

ಸೊಸೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮೊಮ್ಮಗನ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು. "ತಿನ್ಲಾ, ಆರೋಯ್ತದ" ಎಂದಳು. ಎಲ್ಲರೂ ಉಂಡೆವು.