ಆರಿಸಬಹುದಾದ ಕತ್ತಿ

ಇದರಲ್ಲಿ ಕೆಲವು ಸಂಗತಿಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಟಾರ್ಚ್ ಹಿಡಿದದ್ದು ನಾನೋ ಮಾಮಾನೋ ಎಂಬುದು ಈಗ ಖಚಿತವಿಲ್ಲ. ಆ ಸಿನಿಮಾ ಸರಣಿಯನ್ನು ಒಂದೇ ಬೇಸಿಗೆಯಲ್ಲಿ ನೋಡಿ ಮುಗಿಸಿದೆವೋ ಎರಡು ಬೇಸಿಗೆ ಹಿಡಿಯಿತೋ, ಅದೂ ಗೊತ್ತಿಲ್ಲ. ಬ್ಯಾಡಗಿಯಲ್ಲಿ ಮಾಮಾನ ಮನೆಯ ಕಿಟಕಿಗಳು ಮುಚ್ಚಿದ್ದವು ಎಂಬುದೊಂದು ಖಂಡಿತ. ಸುಗ್ಗಿಯಲ್ಲಿ ಮೆಣಸಿನಕಾಯಿಯ ಘಾಟು ಒಳಗೆ ಬರಬಾರದೆಂದು ಆ ಓಣಿಯವರೆಲ್ಲ ಮುಚ್ಚುತ್ತಿದ್ದರು. ಆದರೂ ಅದು ಬರುತ್ತಿತ್ತು.

ಮಾಮಾ ಅಂದರೆ ಅವ್ವನ ತಮ್ಮ, ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ದಲಾಲಿ. ನಾನಾಗ ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ, ಸೂಟಿಗೆ ಅವನ ಮನೆಗೆ ಹೋಗುತ್ತಿದ್ದೆ. ಸಂಜೆ ಅವನು ಬಂದು ಕೈಕಾಲು ತೊಳೆದುಕೊಂಡು, ಹಿಂದಿಗೆ ಡಬ್ ಆದ ಬಾಹ್ಯಾಕಾಶದ ಆ ಕಥೆಯನ್ನು ಹಾಕುತ್ತಿದ್ದ. ಗ್ರಹಗಳು, ಹಡಗುಗಳು, ರಾಜಕಾರಣ ಯಾವುದೂ ಅವನಿಗೆ ಬೇಕಿರಲಿಲ್ಲ. ಕತ್ತಿಗಳು ಬಂದಾಗ ಮಾತ್ರ ನೆಟ್ಟಗೆ ಕೂರುತ್ತಿದ್ದ. ಅವು ಬರಿಯ ಹಿಡಿಕೆಗಳು. ಗುಂಡಿ ಒತ್ತಿದರೆ ಗುಂಯ್ ಎಂಬ ಸದ್ದಿನೊಂದಿಗೆ ಬೆಳಕಿನ ಅಲಗು ಹೊರಬರುತ್ತಿತ್ತು.

"ಏನವಾ ಯೂನಿವರ್ಸಿಟಿ," ಎಂದು ಒಂದು ಸಂಜೆ ಕೇಳಿದ, "ಆ ಬೆಳಕು ಅಷ್ಟಕ್ಕ ಯಾಕ ನಿಲ್ತೈತಿ? ನಮ್ಮ ಟಾರ್ಚ್ ಹಚ್ಚಿದ್ರ ಎದುರಿನ ಮನಿ ಗ್ವಾಡಿಗೆ ಹೋಗಿ ಬಡೀತೈತಿ."

ಬೆಳಕು ನಿಲ್ಲುವುದಿಲ್ಲ, ಅದಕ್ಕೆ ತುದಿಯಿಲ್ಲ ಎಂದೆ. ತೋರಿಸು ಎಂದ. ಚೀಲಗಳನ್ನು ಒಟ್ಟಿದ್ದ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಟಾರ್ಚ್ ಹಚ್ಚಿದೆವು. ಕೆಂಪು ಧೂಳಿನಲ್ಲಿ ಕಿರಣ ನಿಜಕ್ಕೂ ಕತ್ತಿಯ ಹಾಗೆ ನಿಂತಿತು. ಇಬ್ಬರೂ ಕೆಮ್ಮಿದೆವು. ಇದು ಪಕ್ಕದಿಂದ ಕಾಣುವುದು ಧೂಳಿನ ದೆಸೆಯಿಂದ, ಬಾಹ್ಯಾಕಾಶದಲ್ಲಿ ಮೆಣಸಿನಪುಡಿ ಹಾರುವುದಿಲ್ಲ, ಅಲ್ಲಿ ಈ ಅಲಗು ಯಾರಿಗೂ ಕಾಣದು ಎಂದೆ. ಎರಡು ಬೆಳಕು ಎದುರಾದರೆ ಖಣ್ ಎನ್ನುವುದೂ ಇಲ್ಲ, ಒಂದರೊಳಗೊಂದು ಹಾಯ್ದು ಹೋಗುತ್ತವೆ.

"ಹಂಗಾರ ಅದು ಬೆಳಕಲ್ಲ," ಎಂದ.

ಅಲ್ಲ. ಅಣುಗಳೇ ಒಡೆದುಹೋಗುವಷ್ಟು ಕಾಯಿಸಿದ ಅನಿಲ ಇರಬಹುದು, ಅದನ್ನು ಕಾಂತಕ್ಷೇತ್ರವೊಂದು ಚೀಲದ ಹಾಗೆ ಹಿಡಿದಿಟ್ಟಿರಬಹುದು. ಚೀಲಕ್ಕೆ ಚೀಲ ತಾಗಿದಾಗ ತಡೆಯುತ್ತದೆ, ಹಾಗಾಗಿ ಕತ್ತಿಗೆ ಕತ್ತಿ ಬಡಿಯುತ್ತದೆ. ಕಾಂತ ಇರುವುದು ಹಿಡಿಕೆಯಲ್ಲಿ ಮಾತ್ರ, ಅಷ್ಟು ದೂರದ ತುದಿಯನ್ನು ಅದು ಹೇಗೆ ಮುಚ್ಚುತ್ತದೆ ಎಂದು ನನ್ನ ಯಾವ ಪುಸ್ತಕವೂ ಹೇಳುತ್ತಿರಲಿಲ್ಲ. ಕಥೆಯವರು ಹಿಡಿಕೆಯೊಳಗೆ ಒಂದು ಹರಳು ಇಟ್ಟು ನುಣುಚಿಕೊಂಡಿದ್ದರು. ಊರಿಗೇ ಕರೆಂಟು ಕೊಡುವಷ್ಟು ಶಕ್ತಿ ಮುಷ್ಟಿಯೊಳಗಿನ ಸೆಲ್ಲಿನಲ್ಲಿ ಇರಬೇಕಾಗುತ್ತದೆ ಎಂದೆ.

"ಒಂದ್ ತರಸು. ಲೋಡ್ ಶೆಡ್ಡಿಂಗ್ ತಪ್ಪಲಿ."

"ಮದಲ ಆ ಟಾರ್ಚಿಗೆ ಸೆಲ್ ತರ್ರಿ," ಎಂದು ಅತ್ತೆ ಅಡುಗೆಮನೆಯಿಂದಲೇ ಅಂದಳು. "ತಿಂಗಳಾತು ಹೇಳಾಕತ್ತು."

ಮಾಮಾ ನಗಲಿಲ್ಲ. ಅವನ ಮನಸ್ಸಿನಲ್ಲಿ ಬೇರೆ ಪ್ರಶ್ನೆ ಇತ್ತು. ಆ ಕತ್ತಿಯಿಂದ ಕೈ ತುಂಡಾದರೂ ರಕ್ತ ಯಾಕೆ ಬರುವುದಿಲ್ಲ? ಅಲಗಿನ ಬಿಸಿಗೆ ರಕ್ತನಾಳಗಳ ಬಾಯಿ ಸುಟ್ಟು ಮುಚ್ಚಿಕೊಳ್ಳುತ್ತದೆ ಎಂದು ಹೇಳಿದೆ. ತನ್ನ ಗಲ್ಲ ಸವರಿಕೊಂಡು, "ನಮ್ಮದು ತಣ್ಣಗ ಇರತೈತೆಲ್ಲ," ಎಂದ.

ಮಾಮಾ ಪುರವಂತ. ನಮ್ಮ ಕಡೆ ಮದುವೆಗೆ ಮುಂಚೆ ಗುಗ್ಗಳ ಮಾಡುವ ಮನೆತನಗಳಿವೆ. ಮಣ್ಣಿನ ಗಡಿಗೆಯಲ್ಲಿ ಬೆಂಕಿ ಉರಿಸಿ, ವಾದ್ಯದೊಡನೆ ವೀರಭದ್ರನ ಗುಡಿಗೆ ಒಯ್ಯುತ್ತೇವೆ. ಮುಂದೆ ಪುರವಂತರು ಕತ್ತಿ ಹಿಡಿದು ದೇವರನ್ನು ಹೊಗಳುವ ಒಡಪು ಹೇಳುತ್ತ ಕುಣಿಯುತ್ತಾರೆ. ಒಂದು ಹಂತದಲ್ಲಿ ತೆಳ್ಳಗಿನ ಕಬ್ಬಿಣದ ಶಸ್ತ್ರವನ್ನು ಗಲ್ಲದಲ್ಲಿ ಹಾಯಿಸಿಕೊಳ್ಳುತ್ತಾರೆ. ಉಪವಾಸವಿದ್ದು, ವಿಭೂತಿ ಹಚ್ಚಿ, ಅಂಜದೆ ಹಾಕಿಕೊಂಡರೆ ರಕ್ತ ಬರುವುದಿಲ್ಲ. ಮಾಮಾನಿಗೆ ಬಂದದ್ದನ್ನು ನಾನು ನೋಡಿರಲಿಲ್ಲ. ಭೌತಶಾಸ್ತ್ರದವಳಾಗಿ ಅದಕ್ಕೆ ಕಾರಣ ಕೊಡಬಲ್ಲೆ, ಗಲ್ಲದಲ್ಲಿ ದೊಡ್ಡ ನಾಳವಿಲ್ಲದ ಜಾಗ ಇರುತ್ತದೆ. ಅವನ ಮಗಳಂತೆ ಬೆಳೆದವಳಾಗಿ ಆ ಕಾರಣ ನನಗೆ ಯಾವತ್ತೂ ಸಾಕೆನಿಸಿಲ್ಲ. ಯಾವುದನ್ನು ನಂಬುತ್ತೇನೆ ಎಂದು ಕೇಳಿದರೆ ಆಯಾ ದಿನ ನೋಡಿ ಹೇಳಬೇಕಾಗುತ್ತದೆ.

ಇದೆಲ್ಲ ಹಳೆಯ ಮಾತು. ಈಗ ನಾನು ಹಾವೇರಿಯ ಕಾಲೇಜಿನಲ್ಲಿ ಕಲಿಸುತ್ತೇನೆ. ಈಚೆಗೆ ರಾಣೆಬೆನ್ನೂರಿನ ನಮ್ಮ ಮನೆಯಲ್ಲಿ ನನ್ನ ತಮ್ಮನ ಮದುವೆ ಗೊತ್ತಾಯಿತು. ಗುಗ್ಗಳಕ್ಕೆ ಮಾಮಾನೇ ಪುರವಂತ, ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಅತ್ತೆ ಫೋನ್ ಮಾಡಿದಳು. ಮಾಮಾನಿಗೆ ಸಕ್ಕರೆ ಕಾಯಿಲೆ ಇದ್ದದ್ದು ನನಗೆ ಗೊತ್ತು. ಕಳೆದ ವರ್ಷ ಬೇರೊಂದು ಮನೆಯ ಗುಗ್ಗಳದಲ್ಲಿ ಶಸ್ತ್ರ ತೆಗೆದಮೇಲೆ ರಕ್ತ ಬಂದಿತ್ತು, ಗಾಯ ಕೀವಾಗಿ ಗಲ್ಲವೆಲ್ಲ ಊದಿಕೊಂಡಿತ್ತು ಎಂಬುದನ್ನು ಅವಳು ಆಗಲೇ ಹೇಳಿದ್ದು. ಇನ್ನೊಂದು ಸಲ ಹಾಕಿಕೊಂಡರೆ ನಂಜು ಮೈಗೇರಿ ಜೀವಕ್ಕೇ ಕುತ್ತು ಬರಬಹುದು ಎಂದು ಡಾಕ್ಟರು ಅಂದಿದ್ದರಂತೆ.

"ನೀ ಹೇಳಿದ್ರ ಕೇಳ್ತಾರವಾ. ನಾ ಹೇಳಿದ್ರ, ನಿನಗ ದೇವರ ಮ್ಯಾಲ ನಂಬಿಕಿ ಇಲ್ಲೇನು ಅಂತಾರ."

ಅವ್ವನಿಗೆ ಹೇಳುವ ಹಾಗಿರಲಿಲ್ಲ. ಅವಳ ಮದುವೆಯ ಗುಗ್ಗಳದಲ್ಲಿ ಅಜ್ಜ ಹಾಕಿಕೊಂಡಿದ್ದ, ನನ್ನದರಲ್ಲಿ ಮಾಮಾ. ನನ್ನ ತಮ್ಮನ ಮದುವೆಗೂ ತನ್ನ ತವರಿನ ಶಸ್ತ್ರವೇ ಆಗಬೇಕೆಂದು ಅವಳು ದಿನಕ್ಕೊಂದು ಸಲ ಅನ್ನುತ್ತಿದ್ದಳು.

ನಾನು ಬ್ಯಾಡಗಿಗೆ ಹೋದಾಗ ಮಾಮಾ ಪಡಸಾಲೆಯಲ್ಲಿ ಕೂತು ಹುಣಸೆಹುಳಿ ಹಚ್ಚಿ ಶಸ್ತ್ರಗಳನ್ನು ತಿಕ್ಕುತ್ತಿದ್ದ.

"ನಿಮ್ಮತ್ತಿ ಫೋನ್ ಮಾಡ್ಯಾಳ?"

"ಇಲ್ಲ. ಹಂಗ ಬಂದೆ."

"ಹಂಗ ಬರಾಕ ನಿನಗ ಸೂಟಿ ಎಲ್ಲೈತಿ? ಕುಂದ್ರು."

ಸಕ್ಕರೆಯ ಮಾತು ತೆಗೆದೆ. "ಸಕ್ರಿ ಇರೋದು ರಕ್ತದಾಗ," ಎಂದ. "ಶಸ್ತ್ರಕ್ಕ ರಕ್ತ ಬರಾಂಗಿಲ್ಲ. ಮತ್ತೇನು ತ್ರಾಸು?"

"ಹ್ವಾದ ವರ್ಷ ಬಂತಂತಲ್ಲ, ಮಾಮಾ."

ತಿಕ್ಕುವ ಕೈ ನಿಂತಿತು. ಅತ್ತೆ ಇರುವ ಕಡೆ ಒಮ್ಮೆ ನೋಡಿದ. ಆಮೇಲೆ ನನಗೆ ಅರ್ಥವಾಗದ ಒಂದು ಮಾತು ಹೇಳಿದ. "ಆ ಪಿಚ್ಚರಿನಾಗ ಮುದುಕಂದು ಕತ್ತಿ ಗಿಡ್ಡ ಆಗಿತ್ತಲ್ಲ, ನೆನಪೈತಿ? ವಯಸ್ಸಾದಂಗ ಅಲಗು ಗಿಡ್ಡ ಆಗತೈತಿ."

ನನಗೆ ನೆನಪಿರಲಿಲ್ಲ. ಪಾಠ ಮಾಡಿ ಮಾಡಿ ಬಂದ ಚಟವಿದ್ದೀತು, ತಿದ್ದಲು ಹೋದೆ. ಆ ಶಕ್ತಿ ಹಿಡಿಕೆಯದು, ಹಿಡಿದವನದಲ್ಲ, ಯಾರು ಹಚ್ಚಿದರೂ ಅಲಗು ಅಷ್ಟೇ ಉದ್ದ ಬರುತ್ತದೆ ಎಂದೆ. ಅವನು ತಲೆಯಾಡಿಸಿ ಮತ್ತೆ ತಿಕ್ಕತೊಡಗಿದ. ಅವನು ಕೇಳಿದ್ದು ಕತ್ತಿಯ ವಿಚಾರವಲ್ಲ, ತನ್ನ ವಿಚಾರ ಎಂದು ನನಗೆ ಹೊಳೆಯುವಷ್ಟರಲ್ಲಿ ಒಂದು ಶಸ್ತ್ರ ತಿಕ್ಕಿ ಮುಗಿದಿತ್ತು.

ಆಗ ಇನ್ನೊಂದು ಮಾತು ಹೇಳಿದೆ. ಎಷ್ಟರಮಟ್ಟಿಗೆ ಅದು ಪ್ರಾಮಾಣಿಕವಾಗಿತ್ತು, ಎಷ್ಟರಮಟ್ಟಿಗೆ ಉಪಾಯವಾಗಿತ್ತು ಎಂದು ಬೇರ್ಪಡಿಸಿ ಹೇಳಲಾರೆ. "ಆ ಕತ್ತಿಯೊಳಗ ನನಗ ಸೇರೋದು ಒಂದ, ಮಾಮಾ. ಅದನ್ನ ಆರಿಸಬಹುದು. ಬರೇ ಹಿಡಿಕಿ ಸೊಂಟಕ್ಕ ಸಿಗಿಸಿಕೊಂಡು ಬಂದರೂ ಎಲ್ಲಾರೂ ದಾರಿ ಬಿಡ್ತಾರ. ಅವ ಯಾರಂತ ಗೊತ್ತಿರತೈತಿ."

"ಅದು ಸಿನಿಮಾ."

"ಹೌದು."

"ಸಿನಿಮಾದಾಗ ಅವರಿಗೆ ಗುಂಡಿ ಐತಿ. ನನಗ ನೀ ಗುಂಡಿ ಆಗಾಕ ಬಂದೀಯೇನು?"

ಅತ್ತೆ ಚಹಾ ತಂದಳು. ಮುಂದೆ ಆ ಮಾತು ಬೆಳೆಯಲಿಲ್ಲ.

ಹಾವೇರಿಗೆ ಮರಳಿದಮೇಲೆ ರಜೆ ಸಿಕ್ಕಾಗಲೆಲ್ಲ ಆ ಸರಣಿಯನ್ನು ಮೊದಲಿನಿಂದ ನೋಡಿದೆ. ವಯಸ್ಸಾದವನ ಅಲಗು ಗಿಡ್ಡವಾಗುವ ದೃಶ್ಯ ಎಲ್ಲಿಯೂ ಸಿಗಲಿಲ್ಲ. ನಾವು ನೋಡಿದ ಪ್ರತಿ ಬೇರೆ ಇದ್ದೀತು. ಮಾಮಾ ಅರ್ಧ ನಿದ್ದೆಯಲ್ಲಿ ನೋಡಿದ್ದಾನು. ಅಥವಾ ಅದು ಇದ್ದೇ ಇದ್ದು ನನ್ನ ಕಣ್ಣಿಗೇ ತಪ್ಪಿತೋ ಏನೋ. ಇಲ್ಲದ್ದನ್ನು ಅವನು ಕಟ್ಟಿ ಹೇಳಿದ ಎಂದು ಬರೆಯಲು ಕೈ ಬರುತ್ತಿಲ್ಲ.

ಗುಗ್ಗಳದ ದಿನ ಬೆಳಿಗ್ಗೆ ಮಾಮಾ ಕೆಂಪು ಕಾಸೆ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ನೀರೂ ಮುಟ್ಟದೆ ನಿಂತಿದ್ದ. ಸಕ್ಕರೆಯವರು ಹಾಗೆ ಇರಬಾರದು ಎಂದು ಅತ್ತೆ ಗೊಣಗಿದ್ದಕ್ಕೆ ಅವ್ವ ಅವಳತ್ತ ನೋಡಿದ ನೋಟ ನನಗೆ ಇಷ್ಟವಾಗಲಿಲ್ಲ. ಜೊತೆಗೆ ಕದರಮಂಡಲಗಿಯಿಂದ ಬಂದ ಇನ್ನೊಬ್ಬ ಪುರವಂತರಿದ್ದರು, ಮಾಮಾನಿಗಿಂತ ಕಿರಿಯರು. ಗುಡಿಯ ಮುಂದೆ ವಾದ್ಯ ನಿಂತಿತು. ಮಾಮಾ ಒಡಪು ಮುಗಿಸಿ ತಟ್ಟೆಯಿಂದ ಶಸ್ತ್ರ ಎತ್ತಿಕೊಂಡ, ಗಲ್ಲಕ್ಕೆ ವಿಭೂತಿ ಹಚ್ಚಿಕೊಂಡ, ಕಣ್ಣು ಮುಚ್ಚಿದ.

ಆ ಹೊತ್ತು ಬಹಳ ದೀರ್ಘವಾಗಿತ್ತು ಎಂದು ನನ್ನ ನೆನಪು. ತಮ್ಮನ ಗೆಳೆಯನೊಬ್ಬ ಮೊಬೈಲಿನಲ್ಲಿ ತೆಗೆದ ವಿಡಿಯೋದಲ್ಲಿ ಅದು ಒಂದು ಉಸಿರಿನಷ್ಟೇ ಇದೆ. ಎತ್ತಿದ ಶಸ್ತ್ರವನ್ನು ಬರಿದೆ ಇಳಿಸಬಾರದು ಎಂಬ ನೇಮ ಅಜ್ಜನ ಕಾಲದಿಂದ ಇದೆ. ಅದು ನನಗೆ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಅವಳು ನೆಲ ನೋಡುತ್ತಿದ್ದಳು.

ಮಾಮಾ ಕಣ್ಣು ತೆರೆದು, ಹೊರಳಿ, ಶಸ್ತ್ರವನ್ನು ಎರಡೂ ಕೈಯಲ್ಲಿ ಹಿಡಿದು ಕದರಮಂಡಲಗಿಯವರ ಮುಂದೆ ಚಾಚಿದ.

"ನೀವ ಹಾಕ್ಕೊಳ್ರಿ," ಎಂದ. ವಿಡಿಯೋದಲ್ಲಿ ಆ ಮಾತು ಕೇಳಿಸುವುದಿಲ್ಲ, ನಾನು ಹತ್ತಿರವಿದ್ದೆ.

ಅವರು ತಡವರಿಸಿದರು. "ನಿಮ್ಮ ಮನಿ ಶಸ್ತ್ರರೀ ಇದು."

"ನಮ್ಮ ಮನೀದ. ಅದಕ್ಕ ಕೊಡಾಕತ್ತೇನಿ."

ಅವರು ಬಾಗಿ ನಮಸ್ಕರಿಸಿ ತೆಗೆದುಕೊಂಡರು. ಅವರ ಗಲ್ಲದಲ್ಲಿ ಅದು ಸಲೀಸಾಗಿ ಹಾಯ್ದಿತು, ರಕ್ತ ಬರಲಿಲ್ಲ. ವಾದ್ಯ ಮತ್ತೆ ಶುರುವಾಯಿತು. ಮಾಮಾ ಕತ್ತಿ ಎತ್ತಿ ಮುಂದಿನ ಒಡಪು ಹಿಡಿದ. ದನಿ ಎಲ್ಲಿಯೂ ಮುರಿಯಲಿಲ್ಲ, ಬದಲಿಗೆ ಬೇಕಾದದ್ದಕ್ಕಿಂತ ಎತ್ತರದಲ್ಲಿತ್ತು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆ ದಿನವೆಲ್ಲ ಅವಳು ಮಾಮಾನೊಡನೆ ಮಾತಾಡಲಿಲ್ಲ.

ಊಟವಾದಮೇಲೆ ಮಾಮಾ ಹಂದರದ ಕೆಳಗೆ ಒಬ್ಬನೇ ಕೂತಿದ್ದ. ಗಲ್ಲದ ವಿಭೂತಿ ಒಣಗಿ ಬಿರುಕು ಬಿಟ್ಟಿತ್ತು, ಅದನ್ನವನು ಒರೆಸಿಕೊಂಡಿರಲಿಲ್ಲ. ಅತ್ತೆಯ ಮುಖ ಬಹಳ ದಿನದ ಮೇಲೆ ಹಗುರಾಗಿತ್ತು. ಅವನ ಜೀವ ಉಳಿಯಿತು ಎಂದು ನನಗೂ ನೆಮ್ಮದಿಯಾಗಬೇಕಿತ್ತು, ಆಯಿತು ಕೂಡ. ಆದರೆ ಅವನು ತಾನಾಗಿ ಬಿಟ್ಟನೋ, ನಾನು ಬಿಡಿಸಿದೆನೋ ಎಂಬುದು ತಿಳಿಯದೆ ಆ ನೆಮ್ಮದಿಯನ್ನು ನನ್ನದೆಂದುಕೊಳ್ಳಲು ಆಗಲಿಲ್ಲ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತೆ. ಅವನು ನನ್ನ ಕಡೆ ನೋಡಲಿಲ್ಲ, ಎದ್ದುಹೋಗಲೂ ಇಲ್ಲ. ಆಮೇಲೆಯೂ ಬ್ಯಾಡಗಿಗೆ ಹೋಗಿಬಂದಿದ್ದೇನೆ. ಮಳೆ, ಮಾರ್ಕೆಟ್ಟು, ನನ್ನ ಕಾಲೇಜು ಎಲ್ಲದರ ಬಗ್ಗೆಯೂ ಮೊದಲಿನ ಹಾಗೆಯೇ ಮಾತಾಡುತ್ತಾನೆ. ಅಂದು ಹಂದರದ ಕೆಳಗೆ ನಾನು ಕೇಳಿದ್ದಕ್ಕೆ ಮಾತ್ರ ಇನ್ನೂ ಏನೂ ಹೇಳಿಲ್ಲ.

"ಮಾಮಾ, ನಾ ಅವತ್ತು ಬ್ಯಾಡಗಿಗೆ ಬರದ ಇದ್ದಿದ್ರ, ನೀ ಹಾಕ್ಕೊಂತಿದ್ದಿ ಏನು?"