ಮಹದೇವಕ್ಕನ ದಂಡಯಾತ್ರೆಗೆ ಅಡ್ಡ ಬಂದ ಹುರುಳಿ

ಹನೂರಿನಿಂದ ರಾಮಾಪುರದವರೆಗೆ ಯಾರನ್ನಾದರೂ ಕೇಳಿ ನೋಡಿ, ಮಹದೇವಿಯ ಎದುರು ನಿಂತು ಮಾತಾಡಿದ ಗಂಡು ಇನ್ನೂ ಹುಟ್ಟಿಲ್ಲ. ಓಟು ಕೇಳಲು ಬಂದವರು ಕೂತಿದ್ದಾರೆ. ಇಸ್ತ್ರಿ ಪ್ಯಾಂಟಿನ ಸಬ್‌ಇನ್‌ಸ್ಪೆಕ್ಟರು ಮಣ್ಣಿನ ಮೇಲೆ ಚಕ್ಕಳಮಕ್ಕಳ ಹಾಕಿದ್ದಾರೆ. ಒಂದು ಸಲ ಕಾಡಿನಿಂದ ಬಂದ ಆನೆಯೂ ಅವಳನ್ನು ಕಂಡು ಮಂಡಿಯೂರಿತಂತೆ. ನೋಡಿದವರು ಸಿಕ್ಕಿಲ್ಲ, ಹೇಳುವವರಿಗೆ ಬರವಿಲ್ಲ. ಅವಳ ಮಹಾಮಂತ್ರ ಇಷ್ಟೇ: "ಕೂತ್ಕಳಿ ಸಾ, ನಿಮ್ಮ ಮಖ ನೋಡಿ ನೋಡಿ ಕತ್ತು ನೋಯ್ತದೆ."

ಎಳವೆಯಲ್ಲೇ ಪೋಲಿಯೊ ಅವಳ ಎರಡೂ ಕಾಲುಗಳ ಬಲ ಕಸಿದಿತ್ತು. ಕೌದಳ್ಳಿಯಾಚೆಯ ಸಣ್ಣ ಊರಲ್ಲಿ ರವಿಕೆ ಹೊಲಿದು ಬದುಕುವ ಮಹದೇವಿಗೆ ಕಾಲಿಗಿಂತ ದೊಡ್ಡ ಕಷ್ಟವೆಂದರೆ ಊರಿನವರ ಪ್ರೀತಿ. ಮೆಟ್ಟಿಲು ಕಂಡ ಕೂಡಲೇ ಯಾರಾದರೂ ಕೇಳದೆ ಕಂಕುಳಿಗೆ ಕೈಹಾಕಿ ಗೊಬ್ಬರದ ಮೂಟೆಯಂತೆ ಎತ್ತಿಬಿಡುತ್ತಿದ್ದರು. ಪುಣ್ಯ ಅವರಿಗೆ, ಸೀರೆ ಸರಿಮಾಡಿಕೊಳ್ಳುವ ಪಾಡು ಇವಳಿಗೆ.

ಅದಕ್ಕೇ ಅಂಗವಿಕಲರ ಒಕ್ಕೂಟ ಸೇರಿದಳು. ಕೊಳ್ಳೇಗಾಲದ ಬೀದಿಯಲ್ಲಿ ಘೋಷಣೆ ಕೂಗಿದಳು, ರೈಲು ಹತ್ತಿ ದೆಹಲಿಗೂ ಹೋದಳು. ಬಂಗಾಳದ ಕಣ್ಣು ಕಾಣದವರು, ಕೇರಳದ ಕಿವಿ ಕೇಳದವರು, ಎಲ್ಲೆಲ್ಲಿಯದೋ ಊರುಗೋಲುಗಳು ಅಲ್ಲಿ ನೆರೆದಿದ್ದವು. ಒಬ್ಬರ ಭಾಷೆ ಒಬ್ಬರಿಗೆ ತಿಳಿಯದು, ಬೇಡಿಕೆ ಮಾತ್ರ ಎಲ್ಲರಿಗೂ ತಿಳಿದಿತ್ತು: ದಯೆ ಬೇಡ, ದಾರಿ ಬಿಡಿ. ಪೊಲೀಸರ ಬ್ಯಾರಿಕೇಡಿಗೆ ಗಾಲಿಕುರ್ಚಿ ಒತ್ತಿಕೊಂಡು ಮಹದೇವಿ ದಿನವಿಡೀ ಕೂತಳು. ೨೦೧೬ರಲ್ಲಿ ಅಂಗವಿಕಲರ ಹಕ್ಕಿನ ಹೊಸ ಕಾನೂನು ಬಂತು. ಅದು ದೆಹಲಿಯಿಂದ ಅವಳ ಊರಿನ ಪಂಚಾಯ್ತಿ ಕಚೇರಿಗೆ ಬರಲು ಯಾವ ಬಸ್ಸು ಹಿಡಿದಿತ್ತೋ, ಈ ವರ್ಷವಷ್ಟೇ ಇಳಿಯಿತು. ಮೆಟ್ಟಿಲ ಪಕ್ಕದಲ್ಲಿ ನುಣ್ಣನೆಯ ಸಿಮೆಂಟಿನ ಇಳಿಜಾರು ಎದ್ದಿತು.

ಗ್ರಾಮಸಭೆಯ ದಿನ ಮಹದೇವಿ ಹಸಿರು ಸೀರೆ ಉಟ್ಟಳು. ಯಾರ ಕೈಯೂ ತಾಕದೆ ಒಳಗೆ ಹೋಗಬೇಕು. ಅವಳಿಗೆ ಬೇಕಾದ್ದು ಅಷ್ಟೇ.

ಹೋಗಿ ನೋಡಿದರೆ ಇಳಿಜಾರಿನ ತುಂಬ ಹುರುಳಿ ಹರಡಿದೆ. ಕಚೇರಿ ಪಕ್ಕದ ಮನೆಯ ಲಕ್ಷ್ಮಿದೇವಿ ಕೋಲು ಹಿಡಿದು ಕೋಳಿ ಓಡಿಸುತ್ತಿದ್ದಾಳೆ.

"ಲೇ ಲಕ್ಷ್ಮಿದೇವಿ, ಏನಮ್ಮಿ ಇದು?"

"ಉಳ್ಳಿಕಾಳು ಕನಕ್ಕ."

"ಅದು ಕಾಣ್ತದೆ. ಇಲ್ಯಾಕೆ ಒಣಗಾಕಿದ್ದೀಯೆ?"

"ಊರಲ್ಲಿ ಇಷ್ಟು ನುಣ್ಗಿರೋ ಜಾಗ ಇನ್ನೆಲ್ಲದೆ ಯೋಳು? ನೀನು ಓರಾಡಿ ಕಟ್ಸಿದ್ದು, ನಿನ್ನೊಟ್ಟೆ ತಣ್ಣಗಿರ್ಲಿ."

ಅಧ್ಯಕ್ಷ ಶಾಂತರಾಜು ಹೊರಗೆ ಬಂದ. "ಅದ್ಕೇನಂತೆ ಮಾದೇವಕ್ಕ! ಬನ್ರಲಾ, ಎತ್ಕಳಿ." ನಾಲ್ವರು ಅಂಗಿಯ ತೋಳು ಮಡಚಿದರು.

"ಮುಟ್ಟುದ್ರೆ ನೋಡಿ!"

ಮಹದೇವಿ ಗಾಲಿ ತಿರುಗಿಸಿ ದಂಡೆತ್ತಿ ಹೋದಳು. ಕುರ್ಚಿ ಮಾರುದ್ದ ಏರಿತು. ಕಾಳು ಗಾಲಿಯಡಿ ಉರುಳಿತು. ಕುರ್ಚಿ ಹೋದಷ್ಟೇ ಗಂಭೀರವಾಗಿ ಹಿಂದಕ್ಕೆ ಜಾರಿ ಬಂತು. ಮತ್ತೊಮ್ಮೆ ಏರಿದಳು, ಮತ್ತೊಮ್ಮೆ ಜಾರಿದಳು. ಕಾನೂನು ಇವಳ ಕಡೆಗಿತ್ತು, ಹುರುಳಿ ಇರಲಿಲ್ಲ.

"ಸಭೇನೇ ಈಚೆಗೆ ತತ್ತೀವಿ ಬುಡಕ್ಕ," ಎಂದ ಶಾಂತರಾಜು.

"ಸಭೆ ಈಚೆಗೆ ಬರೋದು ಬ್ಯಾಡ ಅಧ್ಯಕ್ಸ್ರೆ. ಇವತ್ತು ನಾನೇ ಒಳಿಕ್ಕೆ ಬತ್ತೀನಿ. ಎಲ್ರೂ ಕೂತ್ಕಳಿ."

ಅಭ್ಯಾಸಬಲದಿಂದ ಎಲ್ಲರೂ ಕೂತರು.

"ಕೂತಿದ್ದೀರಲ್ಲ, ಅಂಗೇ ಕಾಳು ಬಾಚಿ."

ಅಧ್ಯಕ್ಷರು, ಕಾರ್ಯದರ್ಶಿ, ಸದಸ್ಯರು ಎಲ್ಲರೂ ಕುಕ್ಕರಗಾಲಲ್ಲಿ ಬಾಚಿದರು. "ಮಣ್ಣು ಸೇರುಸ್ಬ್ಯಾಡಿ ಸಾ," ಎಂದು ಲಕ್ಷ್ಮಿದೇವಿ ಮೇಲ್ವಿಚಾರಣೆ ನಡೆಸಿದಳು. ಆಮೇಲೆ ಮಹದೇವಿ ಒಬ್ಬಳೇ ಏರಿದಳು. ಹೊಸಿಲು ದಾಟಿದಾಗ ಅವಳ ಅಂಗೈ ಕೆಂಪಾಗಿತ್ತು. ಸೀರೆಯ ಒಂದು ನೆರಿಗೆಯೂ ಕೆಟ್ಟಿರಲಿಲ್ಲ. ಅವಳು ಅದನ್ನು ಎರಡೆರಡು ಸಲ ನೋಡಿಕೊಂಡಳು.

ಶಾಂತರಾಜು ಮೊಣಕಾಲಿನ ಧೂಳು ಒರೆಸಿಕೊಂಡು ಭಾಷಣಕ್ಕೆ ನಿಂತ. ದೇಶದ ಚಳವಳಿ ನಮ್ಮೂರ ಬಾಗಿಲಿಗೆ ಬಂತು ಎಂದ, ಇತಿಹಾಸ ಎಂದ, ಮೊದಲ ಬೇಡಿಕೆ ಮಹದೇವಕ್ಕನದೇ ಆಗಲಿ ಎಂದ. ಎಲ್ಲರೂ ಮಹದೇವಿಯ ಕಡೆ ತಿರುಗಿದರು.

"ಕಾಳು ಒಣಗ್ಸಕ್ಕೆ ಊರ್ಗೊಂದು ಕಣ ಮಾಡ್ಸಿ ಅಧ್ಯಕ್ಸ್ರೆ."

"ಡೆಲ್ಲಿಗಂಟ ಓಗ್ಬಂದು ಕೇಳದು ಇದಾ ಅಕ್ಕ?" ಎಂದ ಶಾಂತರಾಜು.

"ಇನ್ನೇನು ಮತ್ತೆ? ನಾಳಿಕೆ ಈ ಲಕ್ಷ್ಮಿದೇವಿ ರಾಗಿ ತತ್ತಾಳೆ."